ಅರವತ್ತು ಎಂದು ಬರೆದದ್ದು

ಪ್ರಯೋಗಾಲಯದ ನೆಲಮಹಡಿಯಲ್ಲಿ, ಮೆಟ್ಟಿಲಿಗೆ ಅಂಟಿಕೊಂಡ ಉದ್ದನೆಯ ಕೋಣೆಯಲ್ಲಿ, ಇಪ್ಪತ್ತಾರು ವರ್ಷಗಳಿಂದ ಒಬ್ಬ ಹೆಂಗಸು ಗಾಜಿಗೆ ಬಣ್ಣ ಕೂರಿಸುತ್ತಿದ್ದಾಳೆ. ಗೋಡೆಗೆ ಬಳಿಯುವಂಥ ಬಣ್ಣವಲ್ಲ. ಅಂಗೈಯಗಲದ ಗಾಜಿನ ತುಂಡನ್ನು ಚಿಮುಟದಲ್ಲಿ ಹಿಡಿದು ದ್ರಾವಣದಲ್ಲಿ ಅದ್ದಬೇಕು, ಉಸಿರು ಬಿಗಿಹಿಡಿದು ಒಂದೇ ವೇಗದಲ್ಲಿ ಮೇಲೆತ್ತಬೇಕು, ಕುಲುಮೆಯಲ್ಲಿ ಸುಡಬೇಕು, ಆರಿದ ಮೇಲೆ ಮತ್ತೆ ಅದ್ದಬೇಕು. ಎಂಟು ಸಲ ಹೀಗೆ ಮಾಡಿದರೆ ಗಾಜಿನ ಮೇಲೆ ತಲೆಗೂದಲಿಗಿಂತ ನೂರು ಪಟ್ಟು ತೆಳುವಾದ ಹಳದಿ ಪದರವೊಂದು ನಿಲ್ಲುತ್ತದೆ. ಆ ಗಾಜನ್ನು ನೀರಿನಲ್ಲಿ ನಿಲ್ಲಿಸಿ ಬಿಸಿಲಿಗೆ ಒಡ್ಡಿದರೆ ನೀರು ಎರಡಾಗಿ ಒಡೆಯುತ್ತದೆ. ಹಳದಿ ಗಾಜಿನ ಮೈಮೇಲೆ ಆಮ್ಲಜನಕದ ಗುಳ್ಳೆಗಳು, ತಂತಿಯ ಇನ್ನೊಂದು ತುದಿಯಲ್ಲಿರುವ ಲೋಹದ ಹಾಳೆಯ ಮೇಲೆ ಜಲಜನಕದ ಗುಳ್ಳೆಗಳು. ಜಲಜನಕವನ್ನು ಹಿಡಿದಿಟ್ಟು ಉರಿಸಬಹುದು.

ಆಕೆಗೆ ಐವತ್ತೊಂದು. ಆ ಗಾಜಿನ ತುಂಡಿಗೆ ಅಲ್ಲಿ ಪ್ಲೇಟು ಎನ್ನುತ್ತಾರೆ, ಹಾಗಾಗಿ ಆಕೆ ಎಲ್ಲರ ಬಾಯಲ್ಲಿ ಪ್ಲೇಟಮ್ಮ. ಸೀಸೆ ತೊಳೆಯುವ ಕೆಲಸಕ್ಕೆಂದು ಬಂದವಳು. ಮೂರನೇ ತಿಂಗಳಲ್ಲಿ, ಸಾಲಾಗಿ ಒಣಗಿಸಿಟ್ಟಿದ್ದ ಹನ್ನೆರಡು ಗಾಜುಗಳಲ್ಲಿ ಒಂದನ್ನು ಬೆರಳು ಮಾಡಿ ತೋರಿಸಿ, "ಇದು ಒಂದು ಸಲ ಕಮ್ಮಿ ಅದ್ದಿದ್ದಾರೆ" ಅಂದಳು. ಲೆಕ್ಕ ನೋಡಿದರೆ ನಿಜ. ಆವತ್ತಿನಿಂದ ಸೀಸೆ ತೊಳೆಯಲು ಬೇರೆಯವರು ಬಂದರು. ಆಕೆ ಮಾಡಿದ ಹತ್ತು ಪ್ಲೇಟುಗಳನ್ನು ಯಾವ ಕ್ರಮದಲ್ಲಿ ಅಳೆದರೂ ತಂತಿಯಲ್ಲಿ ಹರಿಯುವ ವಿದ್ಯುತ್ತು ಒಂದೇ ಬರುತ್ತಿತ್ತು. ಆ ವಿದ್ಯುತ್ತು ಹೆಚ್ಚಿದಷ್ಟೂ ಗುಳ್ಳೆ ಹೆಚ್ಚು. ಓದಿ ಬಂದ ಹುಡುಗಿಯರು ತಿಂಗಳುಗಟ್ಟಲೆ ಪಕ್ಕದಲ್ಲಿ ನಿಂತು ಕಲಿತರೂ ಅವರ ಹತ್ತರಲ್ಲಿ ಆರು ಬಂದರೆ ಹೆಚ್ಚು.

ಆ ಪ್ರಯೋಗಾಲಯದ ಯಜಮಾನರನ್ನು ಡಾಕ್ಟರ್ ಸರ್ ಎನ್ನುತ್ತಾರೆ. ಔಷಧಿಯ ಡಾಕ್ಟರಲ್ಲ, ವಿಜ್ಞಾನದ ಡಾಕ್ಟರು. ಬಾಗಿಲ ಕಾವಲುಗಾರ ಇವತ್ತಿಗೂ ಮಂಡಿನೋವಿಗೆ ಏನು ತಗೊಳ್ಳಲಿ ಎಂದು ಕೇಳುತ್ತಾನೆ, ಅವರೂ ಬೇಸರಿಸದೆ "ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತು" ಎನ್ನುತ್ತಾರೆ. ಮೆದು ಮಾತಿನ ಮನುಷ್ಯ. ಆಕೆಯ ಮೇಲೆ ಅವರು ದನಿ ಏರಿಸಿದ್ದು ಒಂದೇ ಸಲ, ಮೊದಲ ವರ್ಷದಲ್ಲಿ. ಅಳತೆಯ ಗಾಜಿನ ಪಾತ್ರೆಯೊಳಗೆ ಆಕೆ ಥರ್ಮಾಮೀಟರ್ ಇಳಿಬಿಟ್ಟಿದ್ದಳು. ಅದರ ಕಡ್ಡಿಯಂಥ ನೆರಳು ಪ್ಲೇಟಿನ ಮೇಲೆ ಬಿದ್ದು, ಬೆಳಕು ಕಮ್ಮಿಯಾಗಿ, ಇಡೀ ದಿನದ ಅಳತೆ ಹಾಳಾಯಿತು.

"ನೆರಳು ಬೀಳಿಸ್ಬೇಡಮ್ಮ," ಅಂದಿದ್ದರು. "ಥರ್ಮಾಮೀಟರ್ ತೊಟ್ಟಿಯಲ್ಲಿರಲಿ. ತೊಟ್ಟಿ ಏನು ಹೇಳುತ್ತೋ ಅದನ್ನ ಬರಿ. ಅದೇ ನೀರು ತಾನೇ ಇಲ್ಲಿಗೂ ಬರೋದು."

ನೀರನ್ನು ಬೇಕಾದ ಬಿಸಿಗೆ ತರುವ ಆ ತೊಟ್ಟಿ ಇದ್ದದ್ದು ಪಕ್ಕದ ಕೋಣೆಯಲ್ಲಿ. ಅದರ ಪಂಪಿನ ನಡುಕ ಅಳತೆಗೆ ತಾಗಬಾರದೆಂದು ಗೋಡೆಯಲ್ಲಿ ತೂತು ಕೊರೆದು, ನಾಲ್ಕು ಮೀಟರ್ ಉದ್ದದ ರಬ್ಬರ್ ಟ್ಯೂಬಿನಲ್ಲಿ ನೀರನ್ನು ಈ ಕೋಣೆಗೆ ತಂದಿದ್ದರು. ಅಳತೆಯ ಪಾತ್ರೆಗೆ ಎರಡು ಗೋಡೆ. ತೊಟ್ಟಿಯ ನೀರು ಆ ಎರಡು ಗೋಡೆಗಳ ನಡುವೆ ಸುತ್ತಿ, ಒಳಗಿನ ನೀರನ್ನು ಬೇಕಾದಷ್ಟು ಬೆಚ್ಚಗಿಟ್ಟು, ಹಿಂದಕ್ಕೆ ಹೋಗುತ್ತಿತ್ತು. ಇಪ್ಪತ್ತಮೂರು ವರ್ಷ ಎಲ್ಲ ಅಳತೆಯೂ ಇಪ್ಪತ್ತೈದು ಡಿಗ್ರಿಯಲ್ಲೇ. ಕೋಣೆಯೂ ಇಪ್ಪತ್ತೈದು, ತೊಟ್ಟಿಯೂ ಇಪ್ಪತ್ತೈದು. ತೊಟ್ಟಿ ಹೇಳಿದ್ದನ್ನು ಬರೆದರೆ ತಪ್ಪಾಗುವ ಪ್ರಶ್ನೆಯೇ ಇರಲಿಲ್ಲ.

ಬಿಸಿಯ ಕೆಲಸ ಶುರುವಾದದ್ದು ಮೂರು ವರ್ಷದ ಹಿಂದೆ. ಚಾವಣಿಯ ಮೇಲೆ ಇಡಬೇಕಾದ ಗಾಜು ಬಿಸಿಲಿಗೆ ಕಾಯದೆ ಇರುತ್ತದೆಯೇ? ಕಾದಾಗ ಏನಾಗುತ್ತದೆ ನೋಡಿ ಎಂದು ಮೇಲಿನವರು ಕೇಳಿದ್ದರು. ಡಾಕ್ಟರ್ ಸರ್ ಆಕೆಗೆ ತಿಳಿಯುವ ಹಾಗೆ ಹೇಳಿದರು: "ನಿನ್ನ ಹಳದಿ ಪದರದೊಳಗೆ ವಿದ್ಯುತ್ತು ಹರಿಯಲ್ಲ, ಕುಪ್ಪಳಿಸುತ್ತೆ. ಹೊಳೆ ದಾಟುವಾಗ ಕಲ್ಲಿಂದ ಕಲ್ಲಿಗೆ ಹಾರ್ತೀವಲ್ಲ, ಹಂಗೆ. ತಣ್ಣಗಿದ್ರೆ ಅರ್ಧಕ್ಕರ್ಧ ದಾರೀಲೇ ಬಿದ್ದುಹೋಗುತ್ತೆ. ಬಿಸಿ ಕೊಟ್ರೆ ಕಾಲಿಗೆ ಬಲ ಬರುತ್ತೆ, ದಡ ಮುಟ್ಟುತ್ತೆ. ನೀರು ಒಡೆಯೋ ಕೆಲ್ಸಾನೂ ಬಿಸೀಲಿ ಚುರುಕು."

"ಹಂಗಾದ್ರೆ ಬಿಸಿ ಒಳ್ಳೇದೇ ಅಲ್ವಾ ಸರ್?"

"ಒಂದು ಮಟ್ಟದವರೆಗೆ. ಆಮೇಲೆ ಅದೇ ಬಿಸಿಗೆ ಪದರ ನೀರಲ್ಲಿ ಕರಗೋಕೆ ಶುರು ಆಗುತ್ತೆ. ಆ ಮಟ್ಟ ಎಲ್ಲಿದೆ ಅಂತ ನೀನೇ ಹೇಳ್ಬೇಕು."

ಆಕೆ ಹೇಳಿದಳು. ಮೂವತ್ತು, ನಲವತ್ತು, ಐವತ್ತು, ಅರವತ್ತು. ಕೃತಕ ಸೂರ್ಯನ ದೀಪದ ಕೆಳಗೆ ಒಂದೊಂದು ಪ್ಲೇಟೂ ಐನೂರು ಗಂಟೆ ನಿಂತಿತು. ವಿದ್ಯುತ್ತು ಹಂತಹಂತವಾಗಿ ಏರಿತು, ನೀರು ತಿಳಿಯಾಗಿಯೇ ಉಳಿಯಿತು. ಜಲಜನಕ, ಆಮ್ಲಜನಕ ಎರಡೂ ಕೂಡದಂತೆ ನಡುವೆ ಒಂದು ತೆಳು ಪರದೆ ಇರುತ್ತದೆ, ಅಂಚಿಗೆ ಅಂಟು ಹಾಕಿ ಕೂರಿಸಿದ್ದು. ಅದನ್ನೂ ಅದೇ ಪಾತ್ರೆಯಲ್ಲೇ ನೋಡಿದರು, ಅಂಟು ಬಿಡಲಿಲ್ಲ. ರಿಜಿಸ್ಟರಿನಲ್ಲಿ ಆಕೆಯ ದುಂಡು ಅಕ್ಷರದಲ್ಲಿ ಪುಟಪುಟಕ್ಕೂ ಅರವತ್ತು, ಅರವತ್ತು, ಅರವತ್ತು. ವರದಿ ಹೋಯಿತು: ಅರವತ್ತರವರೆಗೆ ಭಯವಿಲ್ಲ. ಎಂಥ ಸುಡುಬಿಸಿಲಿನಲ್ಲೂ ಚಾವಣಿಯ ಗಾಜು ಐವತ್ತೇಳು ದಾಟದು ಎಂದು ಇನ್ಯಾರೋ ಲೆಕ್ಕ ಹಾಕಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಒಪ್ಪಿಗೆ ಕೊಟ್ಟರು. ಕಳೆದ ಚಳಿಗಾಲದಲ್ಲಿ ಹತ್ತು ಚಾವಣಿಗಳ ಮೇಲೆ ಹಳದಿ ಗಾಜಿನ ಚೌಕಟ್ಟುಗಳು ಏರಿದವು.

ಅಂಥದ್ದೊಂದು ಚಾವಣಿ ಊರಂಚಿನ ದೊಡ್ಡ ಬಟ್ಟೆ ಒಗೆಯುವ ಕಾರ್ಖಾನೆಯದು. ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆಗಳೆಲ್ಲ ಒಗೆಯಲು ಬರುವುದು ಅಲ್ಲಿಗೆ. ಚಾವಣಿಯ ಜಲಜನಕವನ್ನು ಉರಿಸಿ ನೀರು ಕಾಯಿಸುತ್ತಾರೆ. ಅಲ್ಲಿನ ಫಿಟ್ಟರ್ ಆಕೆಯ ತಮ್ಮ. ಅಕ್ಕ, ತಮ್ಮ, ತಮ್ಮನ ಹೆಂಡತಿ ಮೂವರೂ ಒಂದೇ ಮನೆಯಲ್ಲಿದ್ದಾರೆ. ಗಾಜು ಅಕ್ಕನದು, ಗಾಜನ್ನು ಕಾಯುವವನು ತಮ್ಮ ಎಂದು ಮೂವರಿಗೂ ಹೆಮ್ಮೆ.

ಈ ವರ್ಷ ಬಿಸಿಲು ಬೇಗ ಬಂತು. ಬಂದದ್ದು ಹೋಗಲಿಲ್ಲ. ಹತ್ತು ದಿನ ಎಲೆ ಅಲುಗಾಡಲಿಲ್ಲ. ಸಂಜೆಯಾದರೂ ಗೋಡೆ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು.

ಅದೇ ಹತ್ತು ದಿನಗಳಲ್ಲಿ ಪ್ಲೇಟಮ್ಮನಿಗೆ ಬೇರೊಂದು ತಲೆಬಿಸಿ ಶುರುವಾಗಿತ್ತು. ಪಂಪು ಕೆಟ್ಟಿತ್ತು. ಬಂದ ಮೆಕ್ಯಾನಿಕ್ ಹೊಸ ಪಂಪು ಕೂರಿಸಿದ. ಇದು ಅಲುಗಾಡುವುದೇ ಇಲ್ಲ, ಪಕ್ಕದ ಕೋಣೆ ಯಾಕೆ ಎಂದು ತೊಟ್ಟಿಯನ್ನು ಇದೇ ಮೇಜಿನ ಕೆಳಗೆ ತಂದಿಟ್ಟ. ನಾಲ್ಕು ಮೀಟರಿನ ಹಳೇ ಟ್ಯೂಬು ತೆಗೆದು ಒಂದು ಮೊಳದ ಹೊಸ ಟ್ಯೂಬು ಹಾಕಿದ. ಆಮೇಲೆ ಆಕೆ ಅರವತ್ತಕ್ಕೆ ಇಟ್ಟ ಮೊದಲ ಪ್ಲೇಟು ಮೂವತ್ತೊಂದು ಗಂಟೆಗೇ ಸೋತಿತು. ಮೊದಲ ದಿನ ವಿದ್ಯುತ್ತು ಎಂದೂ ಇಲ್ಲದಷ್ಟು ಏರಿ, ಎರಡನೇ ದಿನ ಧೊಪ್ಪನೆ ಕುಸಿಯಿತು. ಪಾತ್ರೆಯ ನೀರು ತಿಳಿ ಹಳದಿಯಾಗಿತ್ತು. ಪರದೆಯ ಅಂಟು ಅಂಚಿನಲ್ಲಿ ಸುರುಟಿತ್ತು.

ತನ್ನ ಕೈಯೇ ಕೆಟ್ಟಿತೇನೋ ಎಂದುಕೊಂಡಳು. ವಯಸ್ಸಾಯಿತು, ಕಣ್ಣು ಮಂಜಾಯಿತು ಎಂದುಕೊಂಡಳು. ಇನ್ನೊಂದು ಪ್ಲೇಟು ಮಾಡಿದಳು, ಮೂವತ್ತು ಗಂಟೆ. ಮತ್ತೊಂದು, ಮೂವತ್ತಮೂರು.

ಮೂರನೆಯದು ಹೋದ ಮಾರನೇ ದಿನ ಬೆಳಿಗ್ಗೆ ತಿಂಡಿಗೆ ಕೂತಾಗ ತಮ್ಮ ಅಂದ, "ಏನು ಮಂತ್ರ ಹಾಕಿದ್ದೀಯೇ ಅಕ್ಕ ಗಾಜಿಗೆ? ಈ ವಾರ ಹುಚ್ಚೆದ್ದು ಗ್ಯಾಸ್ ಕೊಡ್ತಿದೆ. ಮೀಟರ್ ಮುಳ್ಳು ಕೊನೇಗೆ ಹೋಗಿ ಅಲ್ಲೇ ಕೂತಿದೆ."

"ಎಷ್ಟು ಜಾಸ್ತಿ?"

"ಮೂರು ಬರ್ತಿದ್ದ ಕಡೆ ನಾಲ್ಕು. ಮ್ಯಾನೇಜರ್ ನನ್ನ ಬೆನ್ನು ತಟ್ಟಿದ. ನಾನೇನೋ ಬಿಸಿಲು ಕರ್ಕೊಂಡು ಬಂದವನ ಥರ."

"ಬೆನ್ನು ತಟ್ಟಿಸ್ಕೊಂಡು ಬಂದೋರು ಬಚ್ಚಲ ಸೋರೋ ನಲ್ಲಿ ಒಂದು ತಿಂಗಳಾದ್ರೂ ಮುಟ್ಟಿಲ್ಲ," ಎಂದಳು ತಮ್ಮನ ಹೆಂಡತಿ, ತಟ್ಟೆಯಿಂದ ತಲೆ ಎತ್ತದೆ. "ಊರಿಗೆಲ್ಲ ಫಿಟ್ಟರ್, ಮನೆಗೆ ಅತಿಥಿ."

ತಮ್ಮ ನಕ್ಕ. ಅಕ್ಕ ನಗಲಿಲ್ಲ. ವಿದ್ಯುತ್ತು ಎಂದೂ ಇಲ್ಲದಷ್ಟು ಏರಿದ ಮೊದಲ ದಿನ ಆಕೆಯ ಕಣ್ಣ ಮುಂದಿತ್ತು. ಬೇರೆ ಕೋಣೆ, ಬೇರೆ ಗಾಜು ಎಂದು ತಲೆ ಕೊಡವಿ ಕೆಲಸಕ್ಕೆ ಹೊರಟಳು. ಬಸ್ಸಿನಲ್ಲಿ ಕೂತ ಅಷ್ಟು ಹೊತ್ತೂ ಅದು ತಲೆಯಿಂದ ಇಳಿಯಲಿಲ್ಲ.

ಕೋಣೆಗೆ ಬಂದವಳು ದೀಪ ಹಚ್ಚಲಿಲ್ಲ. ತೊಟ್ಟಿ ಅರವತ್ತಕ್ಕೆ ಬರುವವರೆಗೆ ಕಾದು, ಅಳತೆಯ ಪಾತ್ರೆಯ ಹೊರಮೈಯನ್ನು ಅಂಗೈಯಿಂದ ಒತ್ತಿ ನೋಡಿದಳು. ಕೈ ಇಡಲಾಗಲಿಲ್ಲ. ಮೂರು ವರ್ಷ ಇದೇ ಪಾತ್ರೆಯನ್ನು, ಇದೇ ಅರವತ್ತರಲ್ಲಿ, ಬರಿಗೈಯಲ್ಲಿ ಎತ್ತಿಟ್ಟಿದ್ದಳು.

ಪ್ಲೇಟು ಇರಲಿಲ್ಲ, ದೀಪ ಇರಲಿಲ್ಲ. ನೆರಳು ಬೀಳುವ ಭಯವೂ ಇರಲಿಲ್ಲ. ಥರ್ಮಾಮೀಟರನ್ನು ಪಾತ್ರೆಯೊಳಗೇ ಇಳಿಬಿಟ್ಟಳು. ಐವತ್ತೆಂಟು. ಆಮೇಲೆ ಮೂಲೆಯ ಗುಜರಿ ಡಬ್ಬಿಯಿಂದ ಹಳೇ ಟ್ಯೂಬನ್ನು ಎಳೆದು ತಂದು, ತೊಟ್ಟಿಯನ್ನು ಪಕ್ಕದ ಕೋಣೆಗೆ ತಳ್ಳಿ, ಗೋಡೆಯ ತೂತಿನಲ್ಲಿ ಟ್ಯೂಬು ತೂರಿಸಿ, ಎಲ್ಲವನ್ನೂ ಮೊದಲಿದ್ದ ಹಾಗೇ ಜೋಡಿಸಿದಳು. ಒಂದು ಗಂಟೆ ಕಾದಳು. ತೊಟ್ಟಿ ಅರವತ್ತು ಎನ್ನುತ್ತಿತ್ತು. ಪಾತ್ರೆಯೊಳಗಿನ ಥರ್ಮಾಮೀಟರ್ ನಲವತ್ತೊಂಬತ್ತರಲ್ಲಿ ನಿಂತು ಮೇಲೇಳಲಿಲ್ಲ.

ನಾಲ್ಕು ಮೀಟರ್ ಟ್ಯೂಬಿನ ಉದ್ದಕ್ಕೂ ಬಿಸಿ ಸೋರಿಹೋಗುತ್ತಿತ್ತು. ಆಕೆಯ ಪ್ಲೇಟುಗಳು ಅರವತ್ತರ ಬಿಸಿಯನ್ನು ಕಂಡೇ ಇರಲಿಲ್ಲ. ನಿಜವಾದ ಅರವತ್ತರ ಹತ್ತಿರ ಹೋದಾಗ ಒಂದೂವರೆ ದಿನಕ್ಕೆ ಪದರ ಕರಗಿತ್ತು, ಅಂಟು ಸುರುಟಿತ್ತು. ಅಂಟು ಸುರುಟಿದರೆ ಪರದೆ ಸರಿಯುತ್ತದೆ. ಪರದೆ ಸರಿದರೆ ಎರಡು ಗಾಳಿಗಳೂ ಒಂದೇ ಕೊಳವೆಯಲ್ಲಿ ಕೂಡುತ್ತವೆ. ಕೂಡಿದ ಆ ಗಾಳಿಗೆ ಬೆಂಕಿಕಡ್ಡಿಯೂ ಬೇಡ, ಒಂದು ಕಿಡಿ ಸಾಕು. ಚಾವಣಿಯಲ್ಲಿ ಅದನ್ನು ಕಂಡುಹಿಡಿಯುವ ಯಂತ್ರ ಇಟ್ಟಿರಲಿಲ್ಲ. ಅರವತ್ತರವರೆಗೆ ಭಯವಿಲ್ಲ ಎಂದು ವರದಿ ಹೇಳಿತ್ತಲ್ಲ.

ಡಾಕ್ಟರ್ ಸರ್ ಎಲ್ಲ ಕೇಳಿಸಿಕೊಂಡರು. ಕೆಳಗೆ ಬಂದು ಎರಡು ಥರ್ಮಾಮೀಟರನ್ನೂ ತಾವೇ ನೋಡಿದರು.

"ಸೋಮವಾರ ಮೀಟಿಂಗ್ ಇದೆ," ಅಂದರು. "ಅಲ್ಲಿ ಹೇಳ್ತೀನಿ."

"ಇವತ್ತು ಗುರುವಾರ ಸರ್."

"ಗೊತ್ತಮ್ಮ. ಒಂದೇ ಸಲ ಎಲ್ಲಾ ಕಡೆ ನಿಲ್ಲಿಸಿ ಅಂದ್ರೆ ಏನಾಗುತ್ತೆ ಗೊತ್ತಾ? ಇಪ್ಪತ್ತಾರು ವರ್ಷದ ರಿಜಿಸ್ಟರ್ ತರಿಸ್ತಾರೆ. ಪ್ರತಿ ಪುಟದಲ್ಲೂ ನಿನ್ನ ಕೈಬರಹ ಇದೆ." ಟ್ಯೂಬಿನ ಕಡೆ ನೋಡುತ್ತ ಅಂದರು, "ಈ ಹಳೇ ಟ್ಯೂಬು ಹಿಂಗೇ ಇರಲಿ ಸದ್ಯಕ್ಕೆ. ಮೆಕ್ಯಾನಿಕ್‌ಗೆ ನಾನು ಹೇಳ್ತೀನಿ."

ಬೆದರಿಕೆಯ ದನಿ ಅದಲ್ಲ. ಮಳೆ ಬರಬಹುದು, ಕೊಡೆ ಇಟ್ಟುಕೋ ಎನ್ನುವಷ್ಟೇ ಮೆತ್ತಗೆ ಅಂದಿದ್ದರು. ಟ್ಯೂಬು ಹೀಗೇ ಇದ್ದರೆ ನಾಳೆಯಿಂದ ಪ್ಲೇಟುಗಳು ಮತ್ತೆ ಐನೂರು ಗಂಟೆ ನಿಲ್ಲುತ್ತವೆ. ರಿಜಿಸ್ಟರಿನಲ್ಲಿ ಮತ್ತೆ ಅರವತ್ತು. ಯಾರಿಗೂ ಏನೂ ತಿಳಿಯುವುದಿಲ್ಲ, ಯಾವುದಾದರೂ ಒಂದು ಚಾವಣಿ ತಾನಾಗಿ ಹೇಳುವವರೆಗೆ.

ಅವರು ಮೆಟ್ಟಿಲು ಹತ್ತಿಹೋದ ಮೇಲೆ ತಮ್ಮನಿಗೆ ಫೋನ್ ಮಾಡಿದಳು. ಗಂಟೆ ಹತ್ತೂವರೆ.

"ಎಲ್ಲಿದ್ದೀಯೋ?"

"ಏಣಿ ಹತ್ರ. ಮೇಲೆ ಟ್ಯಾಂಕಿನ ಪಕ್ಕ ಒಂದು ಬೋಲ್ಟು ತುಕ್ಕು ಹಿಡಿದು ಕೂತಿದೆ. ಗ್ರೈಂಡರ್ ತಗೊಂಡು ಕತ್ತರಿಸೋಕೆ ಹೊರಟಿದ್ದೀನಿ."

ಗ್ರೈಂಡರ್ ತಗುಲಿದರೆ ಕಬ್ಬಿಣ ಕಿಡಿಗಳ ಹೂವಾಗುವುದನ್ನು ಆಕೆ ಎಷ್ಟು ಸಲ ನೋಡಿಲ್ಲ.

"ಅದನ್ನ ಕೆಳಗಿಡು."

"ಏನು?"

"ಗ್ರೈಂಡರ್ ಕೆಳಗಿಡು. ಮೇಲೆ ಹೋಗ್ಬೇಡ. ಯಾರನ್ನೂ ಬಿಡ್ಬೇಡ. ನಾನು ಬರ್ತಿದ್ದೀನಿ."

"ಅಕ್ಕ, ಮ್ಯಾನೇಜರ್..."

"ನಿನ್ನ ಮ್ಯಾನೇಜರ್‌ನ ಆಮೇಲೆ ನೋಡ್ಕೊಳ್ಳೋಣ. ಇಟ್ಯಾ?"

ಕಬ್ಬಿಣ ನೆಲಕ್ಕೆ ತಾಗಿದ ಸದ್ದು ಕೇಳಿಸಿತು. "ಇಟ್ಟೆ," ಅಂದ.

ಆಟೋದಲ್ಲಿ ಇಪ್ಪತ್ತು ನಿಮಿಷದ ದಾರಿ. ತಮ್ಮ ಏಣಿಯ ಬುಡದಲ್ಲೇ ನಿಂತಿದ್ದ. ಆಕೆ ಮೊಬೈಲನ್ನೂ ಬ್ಯಾಗನ್ನೂ ಅವನ ಕೈಗಿತ್ತು, ಥರ್ಮಾಮೀಟರ್ ಒಂದನ್ನೇ ಸೆರಗಿನಲ್ಲಿ ಸಿಕ್ಕಿಸಿಕೊಂಡು ಏಣಿ ಹತ್ತಿದಳು. ಚಾವಣಿಯಲ್ಲಿ ನಲವತ್ತು ಚೌಕಟ್ಟುಗಳು, ಆಕಾಶಕ್ಕೆ ಮುಖ ಮಾಡಿ. ಅವುಗಳ ಒಳಗೆ ಗುಳ್ಳೆಗಳು ಕುದಿಯುವ ನೀರಿನಂತೆ ಏಳುತ್ತಿದ್ದವು. ನೋಡಲು ಎಂಥ ಆರೋಗ್ಯದ ಕಳೆ. ಒಂದು ಚೌಕಟ್ಟಿನ ಬೆನ್ನಿಗೆ ಥರ್ಮಾಮೀಟರ್ ಒತ್ತಿಹಿಡಿದಳು. ಅದು ಅರವತ್ತನ್ನು ಸರಾಗವಾಗಿ ದಾಟಿ ಅರವತ್ತಾರರಲ್ಲಿ ನಿಂತಿತು. ಐವತ್ತೇಳು ದಾಟದು ಎಂದು ಲೆಕ್ಕ ಹಾಕಿದವರು ಗಾಳಿಯಾಡದ ಹತ್ತು ದಿನಗಳನ್ನು ಎಣಿಸಿರಲಿಲ್ಲ. ಇನ್ನೂ ಹನ್ನೊಂದು ಗಂಟೆ. ನೀರು ಕಾಣಲೆಂದು ಕೊಳವೆಯಲ್ಲಿ ಒಂದು ಗೇಣು ಗಾಜು ಕೂರಿಸಿದ್ದರು. ಅದರೊಳಗಿನ ನೀರು ಹಳದಿಯಾಗಿತ್ತು.

ಇಳಿದು ಬಂದವಳೇ ಮೊದಲು ನೀರು ಕಾಯಿಸುವ ಒಲೆ ಆರಿಸಲು ಹೇಳಿದಳು. "ಮೇಲಿನ ಗಾಜನ್ನ ಆಫ್ ಮಾಡೋದು ಹೆಂಗೆ?"

"ಆಫ್ ಮಾಡೋಕೆ ಏನಿದೆ ಅದರಲ್ಲಿ," ಎಂದ ತಮ್ಮ. "ವಾಲ್ವ್ ಮುಚ್ಚಿದ್ರೆ ಗ್ಯಾಸ್ ಒಳಗೇ ಉಬ್ಬುತ್ತೆ. ಸೂರ್ಯ ಮುಳುಗಿದಾಗ ತಾನೇ ನಿಲ್ಲುತ್ತೆ."

ಸೂರ್ಯ ಮುಳುಗಲು ಏಳು ಗಂಟೆ ಇತ್ತು. ಆಕೆ ಸುತ್ತ ನೋಡಿದಳು. ಒಗೆದ ಬಟ್ಟೆಗಳ ಕೊಠಡಿಯ ಬಾಗಿಲಲ್ಲಿ ಆಸ್ಪತ್ರೆಯ ಕಂದು ಕಂಬಳಿಗಳನ್ನು ಸೊಂಟದೆತ್ತರಕ್ಕೆ ಪೇರಿಸಿಟ್ಟಿದ್ದರು. ಇಪ್ಪತ್ತಾರು ವರ್ಷ ನೆರಳು ಬೀಳದಂತೆ ಕಾದವಳು ಅಂದಳು, "ಕಂಬಳಿ ಹೊದಿಸೋಣ."

ಇಸ್ತ್ರಿ ಮಾಡುವ ಐದು ಜನ ಹೆಂಗಸರು ಕಂಬಳಿ ಹೊತ್ತು ಏಣಿಯವರೆಗೆ ತಂದರು. ಮೇಲೆ ಹೋದದ್ದು ಅಕ್ಕ, ತಮ್ಮ ಇಬ್ಬರೇ, ಬರಿಗಾಲಲ್ಲಿ. ಬೂಟಿನ ಲಾಳದ ಕಿಡಿ ಸಹ ಬೇಡ ಎಂದಿದ್ದಳು. ಕಾದ ಸಿಮೆಂಟು ಅಂಗಾಲನ್ನು ಕಚ್ಚುತ್ತಿತ್ತು. ಕೆಳಗೆ ಒಬ್ಬಾಕೆ, "ಈ ಬಿಸಿಲಲ್ಲಿ ಕಂಬಳಿ ಹೊದ್ಕೊಳ್ಳೋರು ಯಾರೇ?" ಎಂದು ಕೇಳಿದಳು. "ಗಾಜಿಗೆ ಚಳಿಜ್ವರ ಬಂದಿದೆಯಂತೆ," ಎಂದಳು ಇನ್ನೊಬ್ಬಳು. ಆಮೇಲೆ ಏಣಿಯ ತುದಿಯಲ್ಲಿ ಪ್ಲೇಟಮ್ಮನ ಮುಖ ನೋಡಿದ ಮೇಲೆ ಯಾರೂ ನಗಲಿಲ್ಲ. ಒಂದೊಂದು ಚೌಕಟ್ಟು ಕತ್ತಲಾದಂತೆ ಅದರ ಗುಳ್ಳೆಗಳು ತೆಳುವಾಗಿ, ನಿಂತುಹೋದವು. ಕೊನೆಯ ಸಾಲು ಮುಗಿದ ಮೇಲೆ ತಮ್ಮ ಗಾಳಿ ಬಿಡುವ ಕವಾಟವನ್ನು ಕೂದಲೆಳೆಯಷ್ಟು ತೆರೆದ. ಇಬ್ಬರೂ ಇಳಿದು ಬಂದು ಅಂಗಳದ ಆಚೆ ಬದಿಯಲ್ಲಿ ನಿಂತರು. ಹಾವಿನ ಬುಸುಗುಡುವಿಕೆಯಂಥ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ಮ್ಯಾನೇಜರ್ ಫೋನಿನಲ್ಲಿ ಕೂಗಾಡಿದ್ದರಿಂದ ಡಾಕ್ಟರ್ ಸರ್ ಅಲ್ಲಿಗೇ ಬಂದರು. ಕೇಳುವ ಮೊದಲೇ ತಮ್ಮ ಚಾವಣಿಯ ಕೊಳವೆಯಿಂದ ತುಂಬಿಸಿಟ್ಟಿದ್ದ ಒಂದು ಸೀಸೆ ಹಳದಿ ನೀರನ್ನು ಅವರ ಮುಂದೆ ಹಿಡಿದ. ಅವರು ಅದನ್ನು ಬೆಳಕಿಗೆ ಎತ್ತಿ ನೋಡಿ ಕೈಗೇ ವಾಪಸು ಕೊಟ್ಟರು. ಜೇಬಿನಿಂದ ಫೋನ್ ನಂಬರುಗಳಿದ್ದ ಮಡಿಚಿದ ಹಾಳೆ ತೆಗೆದರು.

"ಇನ್ನೂ ಒಂಬತ್ತು ಕಡೆ ಇದೆ," ಅಂದರು. "ನಾನು ಫೋನ್ ಮಾಡಿದ್ರೆ ಕಾರಣ ಕೇಳ್ತಾರೆ, ಪತ್ರ ಕಳಿಸಿ ಅಂತಾರೆ. ಅದಕ್ಕೇ..."

ಆಕೆ ಹಾಳೆ ಕಿತ್ತುಕೊಂಡಳು ಎಂದೇ ಹೇಳಬೇಕು.

"ಗಾಜು ಮಾಡಿದವಳು ಮಾತಾಡ್ತಿರೋದು," ಎಂದು ಪ್ರತಿ ಸಲವೂ ಶುರು ಮಾಡಿದಳು. "ನಾನು ಅರವತ್ತು ಅಂತ ಬರೆದಿದ್ದು ತಪ್ಪು. ಅದು ನಲವತ್ತೊಂಬತ್ತು. ಈಗಲೇ ಏನಾದ್ರೂ ಹೊದಿಸಿ. ಬೆಂಕಿ, ಕಿಡಿ ಏನೂ ಹತ್ರ ಬೇಡ." ತಪ್ಪು ಒಪ್ಪಿಕೊಂಡ ದನಿಯೊಂದಿಗೆ ವಾದ ಮಾಡಲು ಯಾರಿಗೂ ತೋಚಲಿಲ್ಲ. ಒಬ್ಬ ರಗ್ಗು ಇದೆ ಎಂದ, ಒಬ್ಬ ತಾಡಪಾಲು ಎಂದ. ಏಳನೆಯ ಕಡೆ ಎತ್ತಿದ ಹೆಂಗಸು ಸಂತೋಷದಿಂದ ಅಂದಳು, "ಅಯ್ಯೋ, ನಮ್ಮಲ್ಲಿ ಈ ವಾರ ಬೇಜಾನ್ ಗ್ಯಾಸು. ಒಂದು ಪೈಪ್ ಸಾಲ್ತಾ ಇಲ್ಲ ಅಂತ ಇನ್ನೊಂದು ಬೆಸುಗೆ ಹಾಕೋಕೆ ಈಗಷ್ಟೇ ಒಬ್ರು ಮೇಲೆ ಹೋದ್ರು."

"ಕರೀರಿ ಅವರನ್ನ. ಫೋನ್ ಇಟ್ಟು ಓಡಿ."

ಫೋನು ಮೇಜಿಗೆ ತಾಗಿತು. ಕುರ್ಚಿ ಸರಿಯಿತು, ಚಪ್ಪಲಿಗಳು ಮೆಟ್ಟಿಲು ಹತ್ತಿದವು, ದೂರವಾದವು. ತಮ್ಮ ಅಕ್ಕನ ಮುಖವನ್ನೇ ನೋಡುತ್ತ ನಿಂತಿದ್ದ. ಆ ಕಡೆ ಎಲ್ಲೋ ಒಂದು ಫ್ಯಾನು ತಿರುಗುತ್ತಿತ್ತು, ಅಷ್ಟೇ. ಬಹಳ ಹೊತ್ತಿನ ಮೇಲೆ ಎರಡು ಜೊತೆ ಹೆಜ್ಜೆಗಳು ಇಳಿದವು. ಗಂಡು ದನಿಯೊಂದು ಸಿಡುಕಿತು: "ಯಾರ್ರೀ ಅದು? ಬೆಸುಗೆ ರಾಡ್ ಸಿಕ್ಕಿಸಿದ್ದೆ ಅಷ್ಟೇ, ಇನ್ನೂ ಹೊತ್ತಿಸಿರ್ಲಿಲ್ಲ."

ಆಕೆ ಅವನಿಗೂ ಅದನ್ನೇ ಹೇಳಿದಳು, ಅರವತ್ತು ತಪ್ಪು, ನಲವತ್ತೊಂಬತ್ತು ಎಂದು. ಒಂಬತ್ತನೆಯವರು ಎತ್ತಿದರು, ಹೊದಿಸುತ್ತೇವೆ ಎಂದರು. ಎಂಟನೆಯದು ಮೊದಲ ಸಲ ರಿಂಗಾಗಿ ರಿಂಗಾಗಿ ತಾನೇ ನಿಂತಿತ್ತು. ಮತ್ತೆ ಮಾಡಿದಳು. ಮತ್ತೆ ನಿಂತಿತು.

"ಇದು ಎಷ್ಟು ದೂರ ಸರ್?"

"ಗಾಡಿಯಲ್ಲಿ ಐವತ್ತು ನಿಮಿಷ," ಅಂದರು ಡಾಕ್ಟರ್ ಸರ್. "ಅದೊಂದು ಶಾಲೆ."

ಒಂದು ಗಂಟೆಗೆ ಹತ್ತು ನಿಮಿಷವಿತ್ತು. ತಮ್ಮ ಆಗಲೇ ಕಾರ್ಖಾನೆಯ ವ್ಯಾನಿನ ಹಿಂಬಾಗಿಲು ತೆರೆದು, ಉಳಿದ ಕಂಬಳಿಗಳನ್ನು ಎದೆಗವಚಿ ತಂದು ಒಳಗೆ ಎಸೆಯುತ್ತಿದ್ದ. ಇಸ್ತ್ರಿಯ ಹೆಂಗಸರೂ ಎತ್ತಿಕೊಟ್ಟರು. ಆಕೆ ಮುಂದಿನ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಳ್ಳುವುದನ್ನೂ ಮರೆತು, ಎಂಟನೆಯ ನಂಬರನ್ನು ಮತ್ತೆ ಒತ್ತಿ ಕಿವಿಗಿಟ್ಟುಕೊಂಡಳು. ಅದು ರಿಂಗಾಗುತ್ತಿತ್ತು.